ಹರಿದ ಕಿವಿ

ಕೆರ್ಕೆನ್ನಾ ದ್ವೀಪದಲ್ಲಿ ಆಕ್ಟೋಪಸ್ ಹಿಡಿಯುವ ಕಾಲ.
ದಲಂದಾ ಹಿತ್ತಲ ಕಲ್ಲಿಗೆ ಬಡಿದು ಬಡಿದು
ಅದರ ಸೊಕ್ಕು ಇಳಿಸುತ್ತಿದ್ದಳು.
ಬೆಕ್ಕು ಗೋಡೆಯಿಂದ ಹಾರಿತೋ ಅಂಜೂರದ ಮರದಿಂದಲೋ
ಇಬ್ಬರೂ ನೋಡಲಿಲ್ಲ.
ಹೆಬ್ಬೆರಳ ಬುಡದಲ್ಲಿ ನಾಲ್ಕು ಚುಕ್ಕಿ.
ರಕ್ತ ಕೂಡ ಅಷ್ಟೇನೂ ಬರಲಿಲ್ಲ.
‘ಸಾಬೂನು ಹಾಕಿ ತೊಳೀತೀನಿ, ಬಿಡು ಫರ್ಜಾನಿ’
ಅನ್ನುತ್ತ ಒಳಗೆ ಹೋದಳು.

ನಾನು ಬಿಡಲಿಲ್ಲ.
ಹರಿದ ಕಿವಿ, ಮೂಲೆಗೆ ಒತ್ತಿಕೊಂಡ ಬೆನ್ನು,
ಬಾಯಲ್ಲಿ ಇನ್ನೂ ನಮ್ಮದೇ ಒಂದು ತುಂಡು.
ಕೈಯಲ್ಲಿ ಹುಟ್ಟು ಇತ್ತು.
ಸಾವು ಇಷ್ಟು ಹಗುರ ಎಂದು ಗೊತ್ತಿರಲಿಲ್ಲ.
ಗೋಣಿಯಲ್ಲಿ ಸುತ್ತಿ, ಕತ್ತಲಾದ ಮೇಲೆ
ಈಚಲ ಗರಿಯ ಬೇಲಿಯಾಚೆ
ಸಮುದ್ರಕ್ಕೆ ಕೊಟ್ಟೆ.

ಮರುದಿನ ಲೂದ್ ಹಡಗು ಹತ್ತಿ ಸ್ಫಾಕ್ಸ್‌ಗೆ.
ಡಾಕ್ಟರು ಚಿಕ್ಕ ಹುಡುಗಿ, ಉಗುರಿಗೆ ಗೋರಂಟಿ ಮಾಸಿತ್ತು.
ಚುಚ್ಚಿದಳು, ಚೀಟಿ ಬರೆದಳು, ಆಮೇಲೆ ಅಂದಳು:
‘ಬೆಕ್ಕಿನ ಮೇಲೆ ಕಣ್ಣಿಡಿ.
ಹತ್ತು ದಿನ ನೆಟ್ಟಗಿದ್ದರೆ ಮುಂದಿನ ಸೂಜಿ ಬೇಡ.
ಸತ್ತರೆ ತಲೆ ತನ್ನಿ, ಟ್ಯೂನಿಸ್‌ಗೆ ಕಳಿಸಿ ನೋಡೋಣ.
ಸಿಗದೇ ಹೋದರೆ ಒಂದು ಸೂಜಿಯನ್ನೂ ತಪ್ಪಿಸಬೇಡಿ.’
ದಲಂದಾ ತಲೆಯಾಡಿಸಿದಳು.
ನಾನು ಕಿಟಕಿ ನೋಡುತ್ತಿದ್ದೆ.

ಅಂದಿನಿಂದ ಅವಳು ಮೀನಿನ ತಲೆಗಳನ್ನು ಎಸೆಯಲಿಲ್ಲ.
ತಟ್ಟೆಯಲ್ಲಿಟ್ಟು ಗೋಡೆಯ ಬುಡದಲ್ಲಿ ಕೂರುವಳು.
ನಿನ್ನೆವರೆಗೆ ಕಲ್ಲು ಬೀರಿದ ಕೈ
ಬಟ್ಟೆ ಸುತ್ತಿಕೊಂಡು, ಬಾ ಬಾ ಅನ್ನುವುದು.
ಕರಿದು ಬಂತು, ಕಂದು ಬಂತು, ಬಸುರಿಯೊಂದು ಬಂತು.
‘ಅದು ಬದುಕಿರಲಿ ದೇವರೇ’ ಅಂತ
ನಮಾಜಿನ ಕೊನೆಗೆ ಸೇರಿಸುವುದು
ಗೋಡೆಯಾಚೆಗೂ ಕೇಳಿಸುತ್ತಿತ್ತು.
ನನ್ನ ತಾಯಿ ಹಾಸಿಗೆ ಹಿಡಿದಾಗಲೂ
ಅವಳು ಇಷ್ಟು ಬೇಡಿಕೊಂಡಿರಲಿಲ್ಲ.

ಇನ್ನು ನೀರು.
ಅವಳ ಸೋದರಮಾವ ಒಬ್ಬ ಹಾಗೇ ಹೋದನಂತೆ,
ಲೋಟ ಕಂಡರೆ ಗೋಡೆಗೆ ಆತುಕೊಳ್ಳುತ್ತ.
ನಾಲ್ಕೂ ಕಡೆ ನೀರಿರುವ ಊರಲ್ಲಿ
ನೀರಿಗೆ ಹೆದರುವ ರೋಗ!
ಬೆಳಿಗ್ಗೆ ಎದ್ದವಳೇ ಮಳೆನೀರ ತೊಟ್ಟಿಗೆ ಹೋಗಿ
ಮೊಗೆದು, ಒಂದು ಗುಟುಕು, ನಿಂತು, ಇನ್ನೊಂದು ಗುಟುಕು.
ಇಳಿಯಿತೇ? ಇಳಿಯಿತು.
ಗಾಳಿ ಬೀಸಿದರೆ ಕತ್ತು ಮುಟ್ಟಿಕೊಳ್ಳುವಳು.
ರಾತ್ರಿ ಎದ್ದು ಕೂತು,
‘ಹೆಬ್ಬೆರಳು ಜುಮ್ಮೆನ್ನುತ್ತಿದೆಯಾ, ನನಗೇ ಹಾಗನಿಸುತ್ತಿದೆಯಾ?’
ನಾನು ಅದನ್ನು ಹಿಡಿದು ಉಜ್ಜುವೆ.
ಹೇಳುವುದು ನಾಲಿಗೆಯ ತುದಿಗೆ ಬಂದು
ಮೀನಿನ ಮುಳ್ಳಿನಂತೆ ಅಡ್ಡ ಕೂರುವುದು.

ನಮ್ಮ ಕಡಲು ಮೊಣಕಾಲುದ್ದ. ಏನನ್ನೂ ಮುಚ್ಚಿಡಲಾರದು.
ಇಳಿತದ ಹೊತ್ತಿಗೆ ಬೇಲಿಯ ಬೋನು ಎತ್ತುವಾಗ
ಮೀನೆಷ್ಟು ಅಂತ ನೋಡುವುದಿಲ್ಲ ಈಗ,
ಕೂದಲು ಇದೆಯೇ ಅಂತ ನೋಡುತ್ತೇನೆ.
ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕು
ಅದಲ್ಲ.

ಹತ್ತನೆಯ ದಿನ ಅವಳು ಓಡಿ ಬಂದಳು,
ತಲೆವಸ್ತ್ರ ಹೆಗಲಿಗೆ ಜಾರಿತ್ತು.
‘ಕಂಡೆ! ಐಸ್ ಕಾರ್ಖಾನೆ ಹಿಂದೆ. ಅದೇ ಹರಿದ ಕಿವಿ.
ತಿಂದಿತು, ಮೈ ನೆಕ್ಕಿಕೊಂಡಿತು,
ನನ್ನನ್ನು ನೋಡಿ ಆಕಳಿಸಿತು ಕೂಡ.
ಸೂಜಿ ಸಾಕು. ಲೂದಿನ ದುಡ್ಡು ಉಳಿಯಿತು.
ನಾಳೆಯೇ ಗಡಿಗೆ ಇಳಿಸು ಸಮುದ್ರಕ್ಕೆ.’
ನಿಂತಲ್ಲೇ ಒಂದು ತಂಬಿಗೆ ನೀರು
ಗಟಗಟ ಕುಡಿದಳು, ಗಲ್ಲದಿಂದ ಎದೆಗೆ ಸುರಿಯಿತು.
ಹತ್ತು ದಿನದಲ್ಲಿ ಮೊದಲ ಸಲ ನಕ್ಕಳು.
ಉಳಿದದ್ದನ್ನು ನನಗೆ ಚಾಚಿದಳು.

ತುಟಿಗಿಟ್ಟೆ.
ಗಂಟಲು ಮುಷ್ಟಿ ಕಟ್ಟಿತ್ತು.
ಒಂದು ಹನಿ ಇಳಿಯಲಿಲ್ಲ.

‘ದಲಂದಾ, ಸೋಮವಾರ ಸ್ಫಾಕ್ಸ್‌ಗೆ ಹೋಗಲೇಬೇಕು.’
‘ಯಾಕೆ?’
‘ಅದು ಆ ಬೆಕ್ಕಲ್ಲ.’

ಅವಳು ತಂಬಿಗೆ ಕೆಳಗಿಟ್ಟಳು.
ಬಾಗಿಲ ಮೂಲೆಯಲ್ಲಿ ಒರಗಿದ್ದ ಹುಟ್ಟನ್ನು,
ಈ ಹತ್ತು ದಿನ ನಾನು ಮೂರು ಸಲ ತೊಳೆದದ್ದನ್ನು,
ಒಮ್ಮೆ ನೋಡಿದಳು.
‘ನಿನಗೆ ಹೇಗೆ ಗೊತ್ತು?’ ಅಂದಳು.